ಮಲೆನಾಡಿನ ಜೀಪಿಗೆ ಯಾವ ಫ್ಲೈವೀಲ್? ಬೀಡು, ಎಸ್‌ಜಿ, ಉಕ್ಕು, ಅಲ್ಯೂಮಿನಿಯಂ: ಒಂದು ಹೋಲಿಕೆ

ಗೇರ್‌ಬಾಕ್ಸ್ ಕೆಳಗಿಳಿದಿದೆ. ಕ್ಲಚ್ ಪ್ಲೇಟ್ ಕರಕಲಾಗಿದೆ. ಫ್ಲೈವೀಲ್, ಅಂದರೆ ಎಂಜಿನ್ನಿನ ಕ್ರ್ಯಾಂಕ್ ತುದಿಗೆ ಬಿಗಿದ, ಕ್ಲಚ್ ಪ್ಲೇಟ್ ಬಂದು ಒತ್ತುವ ಭಾರದ ಚಕ್ರ. ಅದರ ಮುಖದ ಮೇಲೆ ಅಲ್ಲಲ್ಲಿ ನೀಲಿ ಕಲೆ, ಕೂದಲೆಳೆಯಂಥ ಬಿರುಕು. ಮೆಕ್ಯಾನಿಕ್ "ಲೇತಿಗೆ ಕೊಟ್ಟು ಫೇಸಿಂಗ್ ಮಾಡಿಸಿ, ಮುಖ ಕಡೆದು ಸಮ ಮಾಡಿಸಿ ಹಾಕೋಣ" ಅನ್ನುತ್ತಾರೆ. ಕೊಡಚಾದ್ರಿಗೆ ಬಾಡಿಗೆ ಜೀಪು ಓಡಿಸುವವರು "ಕಂಪನಿದೇ ಹೊಸದು ಹಾಕಿ, ಸುಮ್ನೆ ತಲೆಬಿಸಿ ಬೇಡ" ಅನ್ನುತ್ತಾರೆ. ಆಫ್‌ರೋಡ್ ಸ್ಪರ್ಧೆಗೆ ಹೋಗುವ ಹುಡುಗರು "ಬಿಲೆಟ್ ಸ್ಟೀಲಲ್ಲಿ ಹಗುರ ಮಾಡಿಸಿ, ಪಿಕ್‌ಅಪ್ ಜಾಸ್ತಿ ಆಗುತ್ತೆ" ಅನ್ನುತ್ತಾರೆ. ಮೂವರ ಮಾತಿನಲ್ಲೂ ನಿಜ ಇದೆ. ಆದರೆ ಮೂವರ ಗಾಡಿಯ ಕೆಲಸ ಬೇರೆ ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಇಲ್ಲಿ ತೀರ್ಮಾನ ಒಂದಲ್ಲ, ಎರಡು. ಫ್ಲೈವೀಲ್ ಎಷ್ಟು ಭಾರ ಇರಬೇಕು ಅನ್ನುವುದು ಒಂದು. ಯಾವ ಲೋಹದ್ದಾಗಿರಬೇಕು ಅನ್ನುವುದು ಇನ್ನೊಂದು. ಬೀಡು ಅಂದರೆ ಮಾಮೂಲಿ ಎರಕದ ಕಬ್ಬಿಣ, ಎಸ್‌ಜಿ ಅಂದರೆ ಒಳಗಿನ ಗ್ರಾಫೈಟ್ ಉಂಡೆಯಾಗಿರುವ ಎರಕದ ಕಬ್ಬಿಣ. ಭಾರವನ್ನು ತೀರ್ಮಾನಿಸುವುದು ನೀವು ಹತ್ತುವ ಏರು. ಲೋಹವನ್ನು ತೀರ್ಮಾನಿಸುವುದು ನೀವು ಇಳಿಯುವ ಇಳಿಜಾರು. ಇವೆರಡನ್ನೂ ಒಂದೇ ಪ್ರಶ್ನೆ ಮಾಡಿಕೊಂಡಾಗಲೇ ದುಡ್ಡು ಹಾಳಾಗುವುದು.

ಏರಿಗೆ ಬೇಕಾದ ಭಾರ

ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ ಹೋಗುವ ಜೀಪಿನ ದಾರಿ ನೋಡಿದವರಿಗೆ ಗೊತ್ತು. ಅಲ್ಲಿ ವೇಗದ ಮಾತೇ ಇಲ್ಲ. ಫೋರ್ ವೀಲ್ ಲೋ, ಮೊದಲ ಗೇರ್, ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸು. ಚಕ್ರ ಒಂದು ಬಂಡೆಗೆ ತಾಗುತ್ತದೆ, ಎಂಜಿನ್ ಕುಗ್ಗುತ್ತದೆ, ಆಮೇಲೆ ಮೆಲ್ಲಗೆ ಹತ್ತಿಕೊಳ್ಳುತ್ತದೆ. ಆ ಕುಗ್ಗಿದ ಕ್ಷಣದಲ್ಲಿ ಎಂಜಿನ್ ನಿಂತುಹೋಗದಂತೆ ಕಾಯುವುದು ಫ್ಲೈವೀಲ್.

ಎಷ್ಟು ಕಾಯುತ್ತದೆ ಅಂತ ಲೆಕ್ಕ ಹಾಕಬಹುದು. 300 ಮಿಲಿಮೀಟರ್ ವ್ಯಾಸ, 12 ಕಿಲೋ ತೂಕ, ಎಲ್ಲ ಕಡೆ ಒಂದೇ ದಪ್ಪದ ತಟ್ಟೆ ಅಂದುಕೊಳ್ಳಿ. ನಿಮ್ಮ ಗಾಡಿಯ ಅಳತೆ ಬೇರೆ ಇದ್ದರೂ ಲೆಕ್ಕದ ದಾರಿ ಇದೇ. ನಿಮಿಷಕ್ಕೆ 800 ಸುತ್ತಿನಲ್ಲಿ ಇದರೊಳಗೆ ಸುಮಾರು 470 ಜೂಲ್ ಶಕ್ತಿ ಇರುತ್ತದೆ. ಒಂದೂವರೆ ಟನ್ ಜೀಪನ್ನು ಮೂರು ಸೆಂಟಿಮೀಟರ್ ಎತ್ತಲು ಬೇಕಾಗುವಷ್ಟು. 1600 ಸುತ್ತಿಗೆ ಹೋದರೆ ಶಕ್ತಿ ನಾಲ್ಕು ಪಟ್ಟು, ಅಂದರೆ ಸುಮಾರು 13 ಸೆಂಟಿಮೀಟರ್ ಎತ್ತುವಷ್ಟು. ಅಷ್ಟೂ ಕೈಗೆ ಸಿಗುವುದಿಲ್ಲ, ಅದಕ್ಕೆ ಮೊದಲೇ ಎಂಜಿನ್ ನಿಲ್ಲುತ್ತದೆ. ಆದರೂ ಬಂಡೆ ಹತ್ತುವುದು, ಹತ್ತದೇ ನಿಲ್ಲುವುದು ಇಷ್ಟೇ ವ್ಯತ್ಯಾಸದಲ್ಲಿ ತೀರ್ಮಾನವಾಗುತ್ತದೆ.

ಈಗ "ಹಗುರ ಮಾಡಿಸಿ" ಅನ್ನುವವರ ಮಾತಿಗೆ ಬರೋಣ. ಅದೇ 12 ಕಿಲೋದಲ್ಲಿ 3 ಕಿಲೋವನ್ನು ಹೊರಗಿನ ಸುತ್ತಿನಿಂದ, ಅಂದರೆ ಕೇಂದ್ರದಿಂದ 14 ಸೆಂಟಿಮೀಟರ್ ದೂರದಲ್ಲಿ ಕೊರೆದು ತೆಗೆದರೆ, ತೂಕ ಹೋಗುವುದು ಕಾಲು ಭಾಗ. ಆದರೆ ಜಡತ್ವ, ಅಂದರೆ ಸುತ್ತುತ್ತಲೇ ಇರುವ ಗುಣ, ಸುಮಾರು ಶೇ. 44ರಷ್ಟು ಹೋಗುತ್ತದೆ. ಅದೇ 3 ಕಿಲೋವನ್ನು ಕೇಂದ್ರದಿಂದ 6 ಸೆಂಟಿಮೀಟರ್ ದೂರದಲ್ಲಿ ತೆಗೆದರೆ ಹೋಗುವುದು ಶೇ. 8 ಮಾತ್ರ. ಹಾಗಾಗಿ ತಕ್ಕಡಿಯ ತೂಕ ನೋಡಿ ಫ್ಲೈವೀಲ್ ಆರಿಸಬೇಡಿ. ಭಾರ ಎಲ್ಲಿ ಕೂತಿದೆ ಅಂತ ನೋಡಿ. "ಎರಡೇ ಕಿಲೋ ಕಡಿಮೆ" ಅಂತ ಮಾರುವ ಫ್ಲೈವೀಲ್ ಏರಿನಲ್ಲಿ ಬೇರೆಯೇ ಗಾಡಿ ಆಗಿಬಿಡಬಹುದು.

ತೋಟಕ್ಕೆ ಹೋಗಿಬರುವ ಗಾಡಿಗೂ ಇದೇ ಮಾತು. ಅಡಿಕೆಗೆ ಔಷಧಿ ಹೊಡೆಯುವ ಕಾಲದಲ್ಲಿ ಹಿಂದೆ 200 ಲೀಟರಿನ ಡ್ರಮ್ಮು ತುಂಬಿಕೊಂಡು, ಕೆಸರಿನ ದಿಬ್ಬದಲ್ಲಿ ನಿಂತ ಜಾಗದಿಂದ ಎಳೆಯಬೇಕು. ಫ್ಲೈವೀಲ್ ಹಗುರವಾದರೆ ಜನ ಆಕ್ಸಿಲರೇಟರ್ ಜಾಸ್ತಿ ಒತ್ತಿ ಹಾಫ್ ಕ್ಲಚ್‌ನಲ್ಲೇ ಎಳೆಯುತ್ತಾರೆ. ಕ್ಲಚ್ ಸುಡುವುದು ಅಲ್ಲೇ.

ಇಳಿಜಾರಿಗೆ ಬೇಕಾದ ಬಲ

ಫ್ಲೈವೀಲ್ ಒಡೆಯುವುದು ಹತ್ತುವಾಗ ಅಂತ ಬಹಳ ಜನ ತಿಳಿದಿದ್ದಾರೆ. ನಿಜವಾದ ಅಪಾಯ ಇಳಿಯುವಾಗ.

ಲೋ ರೇಂಜಿನ ಮೊದಲ ಗೇರಿನಲ್ಲಿ ಚಕ್ರ ಒಂದು ಸುತ್ತು ಬರಲು ಎಂಜಿನ್ ಸುಮಾರು 40 ಸುತ್ತು ಸುತ್ತುತ್ತದೆ ಅಂದುಕೊಳ್ಳಿ. ಹಳೆಯ ಜೀಪುಗಳಲ್ಲಿ ಇದು ಅಸಹಜ ಅಲ್ಲ. ಟೈರಿನ ಸುತ್ತಳತೆ 2.2 ಮೀಟರ್. ಜಾರುವ ಇಳಿಜಾರಿನಲ್ಲಿ ಯಾರೋ ಕ್ಲಚ್ ಒತ್ತಿಬಿಟ್ಟರು, ಗಾಡಿ ಗಂಟೆಗೆ 20 ಕಿಲೋಮೀಟರ್ ವೇಗಕ್ಕೆ ಬಂತು, ಗಾಬರಿಯಲ್ಲಿ ಕ್ಲಚ್ ಬಿಟ್ಟರು. ಆ ಕ್ಷಣ ಎಂಜಿನ್ ನಿಮಿಷಕ್ಕೆ 6000 ಸುತ್ತು ದಾಟಬೇಕಾಗುತ್ತದೆ. 4000ದ ಒಳಗೆ ಓಡಲು ಮಾಡಿದ ಡೀಸೆಲ್ ಎಂಜಿನ್ ಅದು. ವೇಗವನ್ನು ಮಿತಿಯಲ್ಲಿಡುವ ಗವರ್ನರ್ ಇದೆಯಲ್ಲ ಅಂದರೆ, ಗವರ್ನರ್ ಡೀಸೆಲ್ ಮಾತ್ರ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುವಾಗ ಅದರ ಕೈಯಲ್ಲಿ ಏನೂ ಇಲ್ಲ.

ಫ್ಲೈವೀಲ್ ತಿರುಗುವಾಗ ಅದರ ಹೊರಸುತ್ತು ತನ್ನನ್ನೇ ಹೊರಕ್ಕೆ ಎಳೆದುಕೊಳ್ಳುತ್ತದೆ. ವೇಗ ಎರಡು ಪಟ್ಟಾದರೆ ಈ ಎಳೆತ ನಾಲ್ಕು ಪಟ್ಟು. 300 ಮಿಲಿಮೀಟರ್ ವ್ಯಾಸದ ಬೀಡಿನ ಉಂಗುರದಲ್ಲಿ 3000 ಸುತ್ತಿಗೆ ಸುಮಾರು 16 ಮೆಗಾಪ್ಯಾಸ್ಕಲ್ (ಲೋಹದ ಮೇಲಿನ ಎಳೆತ ಅಳೆಯುವ ಮಾನ), 6000 ಸುತ್ತಿಗೆ 64. ಸಾಧಾರಣ ಬೀಡು 200 ಮೆಗಾಪ್ಯಾಸ್ಕಲ್ ತಡೆಯುತ್ತದೆ. ಮೂರು ಪಟ್ಟು ಅಂತರ ಇದೆ, ಸಾಕಲ್ವಾ? ಸಾಲದು. ಬೋಲ್ಟಿನ ರಂಧ್ರದ ಸುತ್ತ, ಚೂಪಾದ ಮೂಲೆಯಲ್ಲಿ ಆ ಎಳೆತ ಎರಡು ಮೂರು ಪಟ್ಟು ಏರುತ್ತದೆ. ಅದರ ಮೇಲೆ ಶಾಖದ ಬಿರುಕು ಇದ್ದರೆ ಅಂತರ ಅಲ್ಲಿಗೇ ಮುಗಿಯಿತು.

ಒಡೆದರೆ ಏನಾಗುತ್ತದೆ ಅನ್ನುವುದನ್ನೂ ಹೇಳಬೇಕು. 6000 ಸುತ್ತಿನಲ್ಲಿ ನಮ್ಮ ಉದಾಹರಣೆಯ ಫ್ಲೈವೀಲ್‌ನಲ್ಲಿ 26,000 ಜೂಲ್‌ಗಿಂತ ಜಾಸ್ತಿ ಶಕ್ತಿ ಇರುತ್ತದೆ. ಒಂದೂವರೆ ಟನ್ ಜೀಪು ಗಂಟೆಗೆ 21 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಇರುವಷ್ಟು. ಅದು ಇರುವ ಜಾಗ ಚಾಲಕರ ಕಾಲಿನ ಪಕ್ಕ. ಅದನ್ನು ಮುಚ್ಚಿರುವ ಮಾಮೂಲಿ ಬೆಲ್ ಹೌಸಿಂಗ್ ಈ ಚೂರುಗಳನ್ನು ತಡೆಯಲು ಮಾಡಿದ್ದಲ್ಲ. ಬಿರುಕು ಬಿಟ್ಟ ಫ್ಲೈವೀಲ್ ವಿಷಯದಲ್ಲಿ "ಈ ಸೀಸನ್ ಓಡಲಿ" ಅನ್ನುವುದನ್ನು ನಾನು ಒಪ್ಪುವುದೇ ಇಲ್ಲ.

ಶಾಖ, ನೀರು, ಖರ್ಚು

100 ನ್ಯೂಟನ್ ಮೀಟರ್ ಟಾರ್ಕ್ ಎಳೆಯುತ್ತಾ, 1500 ಸುತ್ತಿನ ವ್ಯತ್ಯಾಸದಲ್ಲಿ ಕ್ಲಚ್ ಜಾರಿದರೆ ಹುಟ್ಟುವ ಶಾಖ ಸುಮಾರು 16 ಕಿಲೋವಾಟ್. ಬಚ್ಚಲಿನ ಎರಡು ಕಿಲೋವಾಟ್ ಗೀಸರ್ ಎಂಟನ್ನು ಒಟ್ಟಿಗೆ ಹಚ್ಚಿದಷ್ಟು. ಅದರಲ್ಲಿ ಹತ್ತಿರ ಅರ್ಧ ಫ್ಲೈವೀಲ್ ಮುಖಕ್ಕೆ ಹೋಗುತ್ತದೆ. ಅದನ್ನು ಬೇಗ ಒಳಕ್ಕೆ ಎಳೆದುಕೊಳ್ಳುವ ಲೋಹ ಬೇಕು, ತುಂಬಿಟ್ಟುಕೊಳ್ಳಲು ತೂಕವೂ ಬೇಕು. ಎಳೆದುಕೊಳ್ಳುವುದರಲ್ಲಿ ಬೀಡು, ಇಎನ್ 8 ಅನ್ನುವ ದರ್ಜೆಯ ಉಕ್ಕು ಹತ್ತಿರ ಹತ್ತಿರ ಒಂದೇ. ಎಸ್‌ಜಿ ಕಬ್ಬಿಣ ಅವಕ್ಕಿಂತ ಸ್ಪಷ್ಟವಾಗಿ ಕಡಿಮೆ. ಅಲ್ಯೂಮಿನಿಯಂ ಮೂರು ಪಟ್ಟು ಉತ್ತಮ, ಆದರೆ ಅದರ ತೊಂದರೆ ಬೇರೆ ಕಡೆ ಇದೆ.

ನೀರಿನ ವಿಷಯಕ್ಕೆ ಲೋಹ ಯಾವುದಾದರೂ ಮಲೆನಾಡಿನಲ್ಲಿ ಜಾಗ್ರತೆ ಬೇಕು. ಹಳ್ಳ ದಾಟಿದ ಗಾಡಿಯನ್ನು ಆಗುಂಬೆ ಮಳೆಯಲ್ಲಿ ವಾರಗಟ್ಟಲೆ ನಿಲ್ಲಿಸಿದರೆ ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲ್‌ಗೇ ಅಂಟಿಕೊಳ್ಳುತ್ತದೆ. ಬೀಡು, ಎಸ್‌ಜಿ, ಉಕ್ಕು ಮೂರೂ ತುಕ್ಕು ಹಿಡಿಯುವವೇ. ಅಲ್ಯೂಮಿನಿಯಂ ಫ್ಲೈವೀಲ್‌ನಲ್ಲೂ ಪ್ಲೇಟ್ ತಾಗುವುದು ಉಕ್ಕಿನ ಇನ್‌ಸರ್ಟ್‌ಗೆ. ಹಾಗಾಗಿ ಈ ಅಳತೆಗೋಲಿನಲ್ಲಿ ಯಾರೂ ಗೆಲ್ಲುವುದಿಲ್ಲ. ಬೆಲ್ ಹೌಸಿಂಗ್ ಕೆಳಗೆ ನೀರು ಸೋರುವ ತೂತು ಇದ್ದರೆ ಕೆಂಪು ಮಣ್ಣು ಕಟ್ಟದಂತೆ ನೋಡಿಕೊಳ್ಳಿ, ಅಷ್ಟೇ.

ಖರ್ಚಿನಲ್ಲಿ ಒಂದು ಮಾತು ಮರೆಯಬಾರದು. ಗೇರ್‌ಬಾಕ್ಸ್ ಇಳಿಸಿ ಹತ್ತಿಸುವ ಕೂಲಿ ಎಲ್ಲದಕ್ಕೂ ಒಂದೇ. ಅಗ್ಗದ್ದು ಹಾಕಿ ಒಂದು ವರ್ಷದಲ್ಲಿ ಮತ್ತೆ ಇಳಿಸಿದರೆ ಅದು ಅಗ್ಗ ಅಲ್ಲ.

ಒಂದು: ಇರುವುದನ್ನೇ ಫೇಸಿಂಗ್ ಮಾಡಿಸುವುದು

ಎಲ್ಲಕ್ಕಿಂತ ಕಡಿಮೆ ಖರ್ಚು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆಗೋ, ಹತ್ತಿರದ ಯಾವುದೇ ಒಳ್ಳೆಯ ಲೇತಿಗೋ ಕೊಟ್ಟರೆ ಒಂದೇ ದಿನದ ಕೆಲಸ. ಗೀರು ಬಿದ್ದಿದ್ದರೆ, ಮುಖ ಸ್ವಲ್ಪ ಸವೆದಿದ್ದರೆ ಇದೇ ಸರಿ. ಹೊಸದರ ಅಗತ್ಯವೇ ಇಲ್ಲ.

ಆದರೆ ಮೊದಲು ಬಿರುಕಿನ ಪರೀಕ್ಷೆ ಆಗಬೇಕು. ಡೈ ಪೆನೆಟ್ರೆಂಟ್ ಅನ್ನುವ ಮೂರು ಸ್ಪ್ರೇ ಡಬ್ಬಿಗಳ ಸೆಟ್ ಇರುತ್ತದೆ. ಒಂದರಿಂದ ಒರೆಸಿ, ಕೆಂಪು ಬಣ್ಣ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಒರೆಸಿ ಬಿಳಿಯದು ಹೊಡೆದರೆ ಬಿರುಕಿದ್ದ ಕಡೆ ಕೆಂಪು ಗೆರೆ ಮೂಡುತ್ತದೆ. ಮುಖದ ಮೇಲೆ ಮಾತ್ರ ನೋಡಿದರೆ ಸಾಲದು. ಕ್ರ್ಯಾಂಕಿಗೆ ಬಿಗಿಯುವ ಬೋಲ್ಟುಗಳ ರಂಧ್ರದ ಸುತ್ತ ನೋಡಿ. ಮುಖದ ಮೇಲಿನ ಸಣ್ಣ ಬಿರುಕು ಫೇಸಿಂಗ್‌ನಲ್ಲಿ ಪೂರ್ತಿ ಹೋದರೆ ಸರಿ. ಬೋಲ್ಟ್ ರಂಧ್ರದಿಂದ ಹೊರಟ ಬಿರುಕು, ಅಥವಾ ಒಳಗಿನಿಂದ ಹೊರಕ್ಕೆ ಓಡಿದ ಬಿರುಕು ಇದ್ದರೆ ಗುಜರಿಗೆ ಹಾಕಿ. ಬೀಡನ್ನು ವೆಲ್ಡ್ ಮಾಡಿ ಮತ್ತೆ ಹಾಕುವುದಂತೂ ಬೇಡವೇ ಬೇಡ.

ಇನ್ನೆರಡು ವಿಷಯ. ನೀಲಿ ಕಲೆ ಇರುವಲ್ಲಿ ಬೀಡು ಗಟ್ಟಿಯಾಗಿಬಿಟ್ಟಿರುತ್ತದೆ. ಲೇತ್ ಟೂಲ್ ಅದರ ಮೇಲೆ ಹಾರಿ ಹೋಗುತ್ತದೆ, ಅಲ್ಲಿ ಸಣ್ಣ ಗುಬ್ಬು ಉಳಿಯುತ್ತದೆ, ಆಮೇಲೆ ಕ್ಲಚ್ ನಡುಗುತ್ತದೆ. ಅಂಥದ್ದಕ್ಕೆ ಗ್ರೈಂಡಿಂಗ್ ಮಾಡಿಸಿ. ಎರಡನೆಯದು, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಕೂರುವ ಜಾಗ ಮುಖಕ್ಕಿಂತ ಮೇಲೋ ಕೆಳಗೋ ಇರುವ ಮಾದರಿಯಾದರೆ, ಮುಖದಿಂದ ಎಷ್ಟು ತೆಗೆದರೋ ಆ ಮೆಟ್ಟಿಲಿನಿಂದಲೂ ಅಷ್ಟೇ ತೆಗೆಯಬೇಕು. ಇಲ್ಲದಿದ್ದರೆ ಪ್ರೆಶರ್ ಪ್ಲೇಟಿನ ಒತ್ತಡ ಬದಲಾಗಿ ಹೊಸ ಕ್ಲಚ್ಚೇ ಜಾರುತ್ತದೆ. ಸರ್ವಿಸ್ ಮ್ಯಾನುಯಲ್ ಹೇಳುವ ಕನಿಷ್ಠ ದಪ್ಪಕ್ಕಿಂತ ಕೆಳಗೆ ಹೋಗಬಾರದು.

ಎರಡು: ಕಂಪನಿಯದೇ ಹೊಸ ಬೀಡಿನ ಫ್ಲೈವೀಲ್

ಮನೆ, ತೋಟ, ಪೇಟೆ, ಅಪರೂಪಕ್ಕೆ ಒಂದು ಗುಡ್ಡ. ನಿಮ್ಮ ಗಾಡಿಯ ಬದುಕು ಇಷ್ಟೇ ಆದರೆ ಇದಕ್ಕಿಂತ ಮುಂದೆ ಓದುವ ಅಗತ್ಯ ಇಲ್ಲ. ಅಳತೆ ಸರಿ ಇರುತ್ತದೆ, ಜಡತ್ವ ಆ ಎಂಜಿನ್‌ಗೆ ಹೊಂದಿರುತ್ತದೆ, ಕ್ಲಚ್ ಮೆತ್ತಗೆ ಹಿಡಿಯುತ್ತದೆ. ಬೀಡಿನೊಳಗಿನ ಗ್ರಾಫೈಟ್ ಪದರಗಳು ನಡುಕವನ್ನೂ ನುಂಗುತ್ತವೆ. ಅದೇ ಪದರಗಳು ಅದರ ದೌರ್ಬಲ್ಯವೂ ಹೌದು: ಬಿರುಕು ಶುರುವಾದರೆ ಪದರದಿಂದ ಪದರಕ್ಕೆ ಓಡುತ್ತದೆ. ಬಾಗುವುದಿಲ್ಲ, ಮುನ್ಸೂಚನೆ ಕೊಡುವುದಿಲ್ಲ.

ಪೆಟ್ಟಿಗೆ ಮೇಲೆ ಹೆಸರಿಲ್ಲದ ನಕಲಿ ಮಾತ್ರ ಬೇಡ. ಅದಕ್ಕಿಂತ ಪರೀಕ್ಷೆ ಮಾಡಿ ಫೇಸಿಂಗ್ ಮಾಡಿಸಿದ ಹಳೆಯದೇ ಮೇಲು.

ಮೂರು: ಎಸ್‌ಜಿ ಕಬ್ಬಿಣದಲ್ಲಿ ಎರಕ ಹೊಯ್ಯಿಸುವುದು

ನನಗೆ ಬಹಳ ಇಷ್ಟವಾದ ದಾರಿ ಇದು, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಕರಗಿದ ಕಬ್ಬಿಣಕ್ಕೆ ಮೆಗ್ನೀಸಿಯಂ ಸೇರಿಸಿದಾಗ ಒಳಗಿನ ಗ್ರಾಫೈಟ್ ಪದರವಾಗುವ ಬದಲು ಉಂಡೆಯಾಗುತ್ತದೆ. ಬಿರುಕು ಓಡಲು ಸುಲಭದ ದಾರಿ ಸಿಗುವುದಿಲ್ಲ. ಐಎಸ್ 1865ರ ಪ್ರಕಾರ ಎಸ್‌ಜಿ 500/7 ಅಂದರೆ ಕನಿಷ್ಠ 500 ಮೆಗಾಪ್ಯಾಸ್ಕಲ್ ಬಲ, ಮುರಿಯುವ ಮುಂಚೆ ಶೇ. 7ರಷ್ಟು ಹಿಗ್ಗುವ ಗುಣ. ಸಾಧಾರಣ ಬೀಡಿನ ಎರಡೂವರೆ ಪಟ್ಟು ಬಲ. ತೂಕ ಹತ್ತಿರ ಹತ್ತಿರ ಒಂದೇ. ಅಂದರೆ ಮೂಲ ಆಕಾರವನ್ನೇ ಉಳಿಸಿಕೊಂಡರೆ ಏರಿನಲ್ಲಿ ಗಾಡಿಯ ನಡತೆ ಬದಲಾಗುವುದಿಲ್ಲ, ಇಳಿಜಾರಿನಲ್ಲಿ ಮಾತ್ರ ಭಯ ಕಡಿಮೆ.

1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದಾಗಿನಿಂದ ನಮ್ಮ ಜಿಲ್ಲೆಗೆ ಕಬ್ಬಿಣದ ಕೆಲಸ ಹೊಸದಲ್ಲ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಫೌಂಡ್ರಿಗಳೂ ಮೆಷಿನ್ ಶಾಪುಗಳೂ ಇವೆ. ಹಾಗಾಗಿ ಇಲ್ಲಿನವರಿಗೆ ಎರಕದ ದಾರಿ ಬೆಂಗಳೂರು, ಕೊಯಮತ್ತೂರಿನವರಿಗೆ ಮಾತ್ರ ಸಿಗುವಂಥದ್ದಲ್ಲ.

ತೊಡಕು ಏನೆಂದರೆ ಪ್ಯಾಟರ್ನ್, ಅಂದರೆ ಎರಕದ ಅಚ್ಚು ಮಾಡಲು ಬೇಕಾದ ಮಾದರಿಯ ಖರ್ಚು. ಒಂದೇ ಒಂದು ಫ್ಲೈವೀಲ್‌ಗೆ ಪ್ಯಾಟರ್ನ್ ಮಾಡಿಸಿದರೆ ಉಕ್ಕಿಗಿಂತ ದುಬಾರಿ ಆಗಿಬಿಡಬಹುದು. ಒಂದೇ ಎಂಜಿನ್ ಇರುವ ಹತ್ತು ಜನ ಸೇರಿದರೆ ಲೆಕ್ಕ ಬದಲಾಗುತ್ತದೆ. ಒಂದೇ ದಾರಿಯಲ್ಲಿ ಬಾಡಿಗೆ ಜೀಪು ಓಡಿಸುವವರು ಹೀಗೆ ಸೇರುವುದು ಕಷ್ಟವೇನಲ್ಲ.

ಫೌಂಡ್ರಿಯವರ ಹತ್ತಿರ ಮೂರು ಮಾತು ಮೊದಲೇ ಆಡಿಕೊಳ್ಳಿ. ಗ್ರೇಡ್ 500/7 ಅಥವಾ 600/3 ಇರಲಿ. 400/15 ಜಾಸ್ತಿ ಬಾಗುತ್ತದೆ, ಆದರೆ ಕ್ಲಚ್ ಉಜ್ಜುವ ಮುಖಕ್ಕೆ ತೀರಾ ಮೆತ್ತಗೆ. ಮೆಗ್ನೀಸಿಯಂ ಹಾಕಿದ ಮೇಲೆ ಎರಕ ತಡವಾದರೆ ಅದರ ಗುಣ ಕಳೆಯುತ್ತದೆ, ಉಂಡೆ ಕಟ್ಟಬೇಕಾದ ಗ್ರಾಫೈಟ್ ಕಟ್ಟುವುದಿಲ್ಲ. ಅದಕ್ಕೆ ಅದೇ ಲೇಡಲ್‌ನಿಂದ ಟೆಸ್ಟ್ ಬಾರ್ ಹೊಯ್ಯಿಸಿ ಬಲದ ಪರೀಕ್ಷೆ, ಸೂಕ್ಷ್ಮದರ್ಶಕದ ಪರೀಕ್ಷೆ ಎರಡರ ವರದಿಯನ್ನೂ ಕೇಳಿ. ಮೂರನೆಯದು, ಹಬ್ಬಿನ (ಚಕ್ರದ ನಡುಭಾಗದ) ದಪ್ಪ ಭಾಗದಲ್ಲಿ ಒಳಗೆ ಗಾಳಿಗೂಡು ಉಳಿದಿದೆಯೇ ಅಂತ ಅಲ್ಟ್ರಾಸೋನಿಕ್‌ನಲ್ಲಿ ನೋಡಿಸಿ. ವರದಿ ಕೊಡಲು ಹಿಂದೆಮುಂದೆ ನೋಡುವ ಕಡೆ ಈ ಕೆಲಸ ಕೊಡಬೇಡಿ.

ಶಾಖವನ್ನು ಒಳಕ್ಕೆ ಎಳೆದುಕೊಳ್ಳುವುದರಲ್ಲಿ ಇದು ಬೀಡಿಗಿಂತ ನಿಧಾನ ಅಂತ ಆಗಲೇ ಹೇಳಿದೆ. ಹಾಫ್ ಕ್ಲಚ್‌ನಲ್ಲೇ ಗಾಡಿ ಓಡಿಸುವ ಅಭ್ಯಾಸ ಇದ್ದವರಿಗೆ ಇದರ ಮುಖದ ಮೇಲೂ ನೀಲಿ ಕಲೆ ಬೇಗ ಬರುತ್ತದೆ. ಸುಲಭಕ್ಕೆ ಸಿಡಿಯುವುದಿಲ್ಲ, ಆದರೆ ಸುಡುತ್ತದೆ.

ನಾಲ್ಕು: ಉಕ್ಕು

ಜನ "ಬಿಲೆಟ್" ಅಂದಾಗ ಎರಡು ಬೇರೆ ವಸ್ತುಗಳನ್ನು ಒಂದೇ ಹೆಸರಲ್ಲಿ ಕರೆಯುತ್ತಿರುತ್ತಾರೆ. ಒಂದು, ಬಡಿದು ಮಾಡಿದ ಫೋರ್ಜಿಂಗ್ ಬಿಲ್ಲೆಯನ್ನು ಕಡೆದು ಮಾಡಿದ್ದು. ಇನ್ನೊಂದು, ದಪ್ಪ ಪ್ಲೇಟಿನಿಂದ ಗ್ಯಾಸ್‌ನಲ್ಲಿ ಕತ್ತರಿಸಿ ಕಡೆದಿದ್ದು. ಮೊದಲನೆಯದು ಮೇಲು. ಪ್ಲೇಟು ರೋಲ್ ಆದ ದಿಕ್ಕಿನಲ್ಲಿ ಒಂದು ಬಲ, ಅಡ್ಡಕ್ಕೆ ಇನ್ನೊಂದು. ಒಳಗೆ ಪದರ ಬಿಟ್ಟಿದ್ದರೆ ಹೊರಗೆ ಕಾಣುವುದಿಲ್ಲ. ಪ್ಲೇಟೇ ಸಿಗುವುದಾದರೆ ಅಲ್ಟ್ರಾಸೋನಿಕ್ ಪರೀಕ್ಷೆ ಮಾಡಿಸಿ, ಗ್ಯಾಸ್ ಕಟ್ಟಿಂಗ್‌ನಲ್ಲಿ ಸುಟ್ಟ ಅಂಚನ್ನು ಧಾರಾಳವಾಗಿ ಕಡೆದು ತೆಗೆಸಿ.

ಗ್ರೇಡ್ ವಿಷಯದಲ್ಲಿ ನನ್ನ ಸಲಹೆ ಬಹಳ ಜನರಿಗೆ ಸಪ್ಪೆ ಅನ್ನಿಸಬಹುದು. ಜೀಪಿನ ಡೀಸೆಲ್‌ಗೆ ಇಎನ್ 8 ಸಾಕು. 550 ಮೆಗಾಪ್ಯಾಸ್ಕಲ್‌ಗಿಂತ ಮೇಲೆ ಬಲ ಇದೆ, ಸುಲಭವಾಗಿ ಸಿಗುತ್ತದೆ, ಕಡೆಯುವುದು ಸುಲಭ, ಶಾಖವನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಇಎನ್ 24 ಹದ ಮಾಡಿದರೆ 850 ದಾಟುತ್ತದೆ ನಿಜ. ಆದರೆ ಶಾಖ ಹರಿಯುವುದು ಕಡಿಮೆ, ದುಡ್ಡು ಜಾಸ್ತಿ, ಹದ ಮಾಡುವಾಗ ಡೊಂಕಾದರೆ ಮತ್ತೆ ಗ್ರೈಂಡಿಂಗ್. 7000, 8000 ಸುತ್ತು ಸುತ್ತುವ ಪೆಟ್ರೋಲ್ ಸ್ಪರ್ಧೆ ಎಂಜಿನ್‌ಗೆ ಅದು ಬೇಕು. ತೋಟದ ಮಹೀಂದ್ರ ಮೇಜರ್‌ಗೋ ಎಂಎಂ 540ಗೋ ಬೇಡ.

ಉಕ್ಕು ಬೀಡಿಗಿಂತ ಶೇ. 9ರಷ್ಟು ಭಾರ. ಅದೇ ಆಕಾರದಲ್ಲಿ ಮಾಡಿಸಿದರೆ ಜಡತ್ವವೂ ಅಷ್ಟು ಏರುತ್ತದೆ. ಏರು ದಾರಿಗೆ ಇದು ಒಳ್ಳೆಯದೇ. ಪೇಟೆಯಲ್ಲಿ ಗೇರ್ ಬದಲಿಸುವಾಗ ಎಂಜಿನ್ ಇಳಿಯುವುದು ಸ್ವಲ್ಪ ನಿಧಾನ ಆಗುತ್ತದೆ, ಅಷ್ಟೇ. ನಡುಕ ನುಂಗುವ ಗುಣ ಉಕ್ಕಿಗೆ ಕಡಿಮೆ, ಹಾಗಾಗಿ ಗೇರ್‌ಬಾಕ್ಸ್ ಸದ್ದು ತುಸು ಜಾಸ್ತಿ ಕೇಳಬಹುದು.

ಮಾಡಿಸುವಾಗ ಡ್ರಾಯಿಂಗ್ ಮೇಲೆ ಗಮನ ಕೊಡಬೇಕಾದ್ದು ದಪ್ಪಕ್ಕಲ್ಲ, ಮೂಲೆಗಳಿಗೆ. ಹಬ್ಬು ತಟ್ಟೆಗೆ ಸೇರುವ ಮೂಲೆಯನ್ನು ಟೂಲಿನ ಚೂಪಿನಲ್ಲಿ ಬಿಡಬೇಡಿ, 3 ಮಿಲಿಮೀಟರ್ ಆದರೂ ದುಂಡು ಕೊಡಿಸಿ. ಪ್ರತಿ ರಂಧ್ರದ ಬಾಯನ್ನೂ ಸವರಿಸಿ. ಹಗುರ ಮಾಡಲು ತೂತು ಕೊರೆಯುವುದು ನೋಡಲು ಚೆಂದ, ಪ್ರತಿ ತೂತೂ ಒಂದು ಬಿರುಕಿನ ತವರು. ಸ್ಟಾರ್ಟರ್ ಹಿಡಿದು ತಿರುಗಿಸುವ ರಿಂಗ್ ಗೇರ್ ಹಲ್ಲನ್ನು ಫ್ಲೈವೀಲ್‌ನಲ್ಲೇ ಕೊರೆದು ಕೊಡುತ್ತೇವೆ ಅನ್ನುವವರೂ ಇದ್ದಾರೆ. ಬೇಡ. ಸ್ಟಾರ್ಟರ್ ಹಲ್ಲು ತಿಂದ ದಿನ ಇಡೀ ಫ್ಲೈವೀಲ್ ಬದಲಿಸಬೇಕಾಗುತ್ತದೆ. ರಿಂಗ್ ಬೇರೆ ಇರಲಿ.

ಐದು: ಅಲ್ಯೂಮಿನಿಯಂ

ಬೇಡ ಅನ್ನುವುದು ನನ್ನ ಉತ್ತರ. ಕಬ್ಬಿಣದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ತೂಕ, ಅಂದರೆ ಏರಿನಲ್ಲಿ ಕಾಯುವ ಶಕ್ತಿಯೂ ಅಷ್ಟಕ್ಕಷ್ಟೇ. ಕ್ಲಚ್ ತಾಗುವ ಜಾಗಕ್ಕೆ ಉಕ್ಕಿನ ಇನ್‌ಸರ್ಟ್ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. 300 ಮಿಲಿಮೀಟರ್ ಅಲ್ಯೂಮಿನಿಯಂ 100 ಡಿಗ್ರಿ ಬಿಸಿ ಏರಿದರೆ 0.7 ಮಿಲಿಮೀಟರ್ ಹಿಗ್ಗುತ್ತದೆ, ಉಕ್ಕು ಅದರ ಅರ್ಧ. ಹಾಫ್ ಕ್ಲಚ್ ಬಿದ್ದಾಗಲೆಲ್ಲ ಈ ಜಗ್ಗಾಟ ಸ್ಕ್ರೂಗಳ ಮೇಲೆ. 150 ಡಿಗ್ರಿ ದಾಟಿ ಹೋದಂತೆ ಅಲ್ಯೂಮಿನಿಯಂ ತನ್ನ ಬಲವನ್ನೂ ಬಿಡುತ್ತಾ ಹೋಗುತ್ತದೆ. ಸರಾಗ ರಸ್ತೆಯ ರ‍್ಯಾಲಿ ಕಾರಿಗೆ, ಸರ್ಕ್ಯೂಟ್‌ಗೆ ಇದು ಒಳ್ಳೆಯ ವಸ್ತು. ಬಂಡೆ ಹತ್ತುವ ಜೀಪಿಗೆ ಅಲ್ಲ.

ಆರು: ಡ್ಯುಯಲ್ ಮಾಸ್ ತೆಗೆದು ಸಿಂಗಲ್ ಮಾಸ್

ಹೊಸ ಕಾಮನ್ ರೈಲ್ ಡೀಸೆಲ್‌ಗಳಲ್ಲಿ ಅನೇಕಕ್ಕೆ ಎರಡು ತಟ್ಟೆಗಳ ನಡುವೆ ಸ್ಪ್ರಿಂಗ್ ಇಟ್ಟ ಡ್ಯುಯಲ್ ಮಾಸ್ ಫ್ಲೈವೀಲ್ ಬರುತ್ತದೆ. ನಿಮ್ಮ ಗಾಡಿಗೆ ಯಾವುದಿದೆ ಅಂತ ಪಾರ್ಟ್ ನಂಬರಿನಿಂದ ಖಚಿತ ಮಾಡಿಕೊಳ್ಳಿ. ಎಂಜಿನ್‌ನ ಹೊಡೆತ ಗೇರ್‌ಬಾಕ್ಸ್‌ಗೆ ಹೋಗದಂತೆ ತಡೆಯುವುದು ಅದರ ಕೆಲಸ. ಕಡಿಮೆ ಸುತ್ತಿನಲ್ಲಿ ದೊಡ್ಡ ಗೇರ್ ಹಾಕಿ ಎಳೆಸಿದರೆ ಸ್ಪ್ರಿಂಗ್ ಸಾಯುತ್ತದೆ. ಮಲೆನಾಡಿನ ಏರಿನಲ್ಲಿ ಆಗುವುದು ಇದೇ. ಬದಲಿಸಲು ಖರ್ಚು ಜಾಸ್ತಿ, ಅದಕ್ಕೇ ಜನ ಸಿಂಗಲ್ ಮಾಸ್ ಕಡೆ ನೋಡುತ್ತಾರೆ.

ಬದಲಿಸಬಹುದು, ಆದರೆ ಫ್ಲೈವೀಲ್ ಒಂದನ್ನೇ ಅಲ್ಲ. ಡ್ಯುಯಲ್ ಮಾಸ್ ಜೊತೆಗಿನ ಕ್ಲಚ್ ಪ್ಲೇಟಿಗೆ ಸಾಮಾನ್ಯವಾಗಿ ಸ್ಪ್ರಿಂಗ್ ಇರುವುದಿಲ್ಲ. ಸಿಂಗಲ್‌ಗೆ ಹೋದಾಗ ಸ್ಪ್ರಿಂಗ್ ಇರುವ ಪ್ಲೇಟು ಕಡ್ಡಾಯ. ಆಮೇಲೂ ಐಡಲ್‌ನಲ್ಲಿ ಗೇರ್‌ಬಾಕ್ಸ್ ಕಟಕಟ ಅನ್ನುವುದನ್ನು ಒಪ್ಪಿಕೊಳ್ಳಬೇಕು. ಎಂಜಿನ್ ಹೊಡೆತ ಈಗ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಮೇಲೆ ಜಾಸ್ತಿ ಬೀಳುತ್ತದೆ. ವಾರಂಟಿ ಇರುವ ಗಾಡಿಗೆ ಇದನ್ನು ಮಾಡಬೇಡಿ. ವಾರಂಟಿ ಮುಗಿದು, ವರ್ಷವಿಡೀ ಏರಿನಲ್ಲೇ ದುಡಿಯುವ ಗಾಡಿಗೆ, ಆ ಎಂಜಿನ್‌ಗೆಂದೇ ಮಾಡಿದ ಪೂರ್ತಿ ಕಿಟ್ ಸಿಕ್ಕರೆ ಮಾಡಬಹುದು.

ಹಾಗಾದರೆ ಯಾರಿಗೆ ಯಾವುದು

ತೋಟದ ಗಾಡಿ, ಕೈಯಲ್ಲಿ ದುಡ್ಡು ಕಡಿಮೆ, ಫ್ಲೈವೀಲ್‌ನಲ್ಲಿ ಬಿರುಕಿಲ್ಲ: ಪರೀಕ್ಷೆ ಮಾಡಿಸಿ, ಫೇಸಿಂಗ್ ಮಾಡಿಸಿ. ಉಳಿದ ದುಡ್ಡಲ್ಲಿ ಒಳ್ಳೆಯ ಕ್ಲಚ್ ಪ್ಲೇಟ್ ಹಾಕಿ. ಬಿರುಕಿದ್ದರೆ ಕಂಪನಿಯ ಹೊಸದು.

ಪ್ರವಾಸಿಗರನ್ನು ಕೂರಿಸಿಕೊಂಡು ದಿನಾ ಗುಡ್ಡ ಹತ್ತಿ ಇಳಿಯುವ ಬಾಡಿಗೆ ಜೀಪು: ಇಲ್ಲಿ ಇಳಿಜಾರಿನ ಲೆಕ್ಕವೇ ದೊಡ್ಡದು, ಹಿಂದೆ ಜನ ಕೂತಿರುತ್ತಾರೆ. ಜೊತೆಗಾರರು ಸೇರಿದರೆ ಎಸ್‌ಜಿ 500/7, ಒಬ್ಬರೇ ಆದರೆ ಇಎನ್ 8 ಫೋರ್ಜಿಂಗ್. ಎರಡರಲ್ಲೂ ಮೂಲ ಫ್ಲೈವೀಲ್‌ನ ಆಕಾರ, ಅಷ್ಟೇ ಭಾರದ ಹೊರಸುತ್ತು. ಕೆಲವರು ದಿನಕ್ಕೆ ಹತ್ತಾರು ಸಲ ಹಾಫ್ ಕ್ಲಚ್ ಹಾಕುತ್ತಾರೆ. ಅಂಥವರು ಶಾಖದ ದೃಷ್ಟಿಯಿಂದ ಉಕ್ಕಿಗೇ ಹೋಗಲಿ.

ವಾರಾಂತ್ಯಕ್ಕೆ ಆಫ್‌ರೋಡ್, ಮಧ್ಯೆ ಹೆದ್ದಾರಿ ಓಡಾಟ, ಜಿಪ್ಸಿಯಂಥ ಪೆಟ್ರೋಲ್ ಗಾಡಿ: ಇಎನ್ 8. 1.3 ಲೀಟರಿನ ಎಂಜಿನ್‌ಗೆ ಕೆಳಗಿನ ಸುತ್ತಿನಲ್ಲಿ ಎಳೆತ ಕಡಿಮೆ. ಅದರ ಫ್ಲೈವೀಲ್ ಹಗುರ ಮಾಡಿಸುವ ಆಸೆ ಬಿಟ್ಟುಬಿಡಿ. ಸಮಯದ ಸ್ಪರ್ಧೆಗೆಂದೇ ಗಾಡಿ ಕಟ್ಟುವವರು ಶೇ. 15ರಿಂದ 20ರಷ್ಟು ಜಡತ್ವ ಇಳಿಸಿ ನೋಡಬಹುದು. ಅವರಿಗೆ ಇಎನ್ 24 ಕೂಡ ಸರಿ. ಫ್ಲೈವೀಲ್, ಕ್ಲಚ್‌ಗಳನ್ನು ಸುತ್ತಿಸಿ ಪರೀಕ್ಷಿಸುವ ಎಸ್‌ಎಫ್‌ಐ 1.1 ಅನ್ನುವ ಅಮೆರಿಕದ ಮಾನದಂಡ ಇದೆ. ಆಮದು ಮಾಡುವುದಾದರೆ ಆ ಗುರುತು ಇದೆಯೇ ನೋಡಿ.

ಕೂರಿಸುವಾಗ

ಯಾವುದನ್ನೇ ಆರಿಸಿ, ಬ್ಯಾಲೆನ್ಸಿಂಗ್ ಬಿಡಬೇಡಿ. ಇದಕ್ಕೆ ಸಾಮಾನ್ಯವಾಗಿ ಕೇಳುವ ದರ್ಜೆ ಜಿ 6.3. 12 ಕಿಲೋ ಫ್ಲೈವೀಲ್ 4000 ಸುತ್ತಿಗೆ ಅಂದರೆ ಅಂಚಿನಲ್ಲಿ ಸುಮಾರು 1.2 ಗ್ರಾಂ ವ್ಯತ್ಯಾಸ ಮಾತ್ರ ಒಪ್ಪಿಗೆ. ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ನ ಪ್ರತಿತೂಕವನ್ನೇ ಫ್ಲೈವೀಲ್‌ನಲ್ಲಿ ಇಟ್ಟಿರುತ್ತಾರೆ. ಅಂಥದ್ದನ್ನು ಒಂಟಿಯಾಗಿ ಬ್ಯಾಲೆನ್ಸ್ ಮಾಡಿದರೆ ಎಂಜಿನ್ನೇ ನಡುಗುತ್ತದೆ. ಹಳೆಯದನ್ನು ಗುಜರಿಗೆ ಕೊಡುವ ಮೊದಲು ಇದನ್ನು ನೋಡಿ, ಟೈಮಿಂಗ್ ಗುರುತು, ಸೆನ್ಸರ್ ಹಲ್ಲು ಇದ್ದರೆ ಅವುಗಳ ಜಾಗವನ್ನೂ ಡ್ರಾಯಿಂಗಿಗೆ ಇಳಿಸಿಕೊಳ್ಳಿ.

ರಿಂಗ್ ಗೇರನ್ನು 200 ಡಿಗ್ರಿ ಆಸುಪಾಸು ಓವನ್‌ನಲ್ಲಿ ಕಾಯಿಸಿ ಕೂರಿಸಬೇಕು. ಗ್ಯಾಸ್ ಟಾರ್ಚ್ ಹಿಡಿದು ಕೆಂಪಗೆ ಮಾಡಿದರೆ ಹಲ್ಲಿನ ಹದ ಹೋಗುತ್ತದೆ. ಬೋಲ್ಟುಗಳು ಹೊಸವೇ ಇರಲಿ, ಮ್ಯಾನುಯಲ್‌ನ ಟಾರ್ಕ್‌ಗೆ, ಎದುರು ಬದುರಾಗಿ ಬಿಗಿಯಿರಿ. ಬಿಗಿದ ಮೇಲೆ ಡಯಲ್ ಗೇಜ್ ಇಟ್ಟು ಮುಖದ ಓಟ, ಅಂದರೆ ಸುತ್ತುವಾಗ ಮುಖ ಎಷ್ಟು ಓಲಾಡುತ್ತದೆ ಅಂತ ನೋಡಿ. ಜಾಸ್ತಿ ಬಂದರೆ ಫ್ಲೈವೀಲ್ ಬೈಯುವ ಮೊದಲು ಬಿಚ್ಚಿ ಕ್ರ್ಯಾಂಕ್ ಫ್ಲ್ಯಾಂಜ್ ಒರೆಸಿ. ಎಷ್ಟೋ ಸಲ ಅಲ್ಲಿ ಸಿಕ್ಕಿಕೊಂಡ ತುಕ್ಕಿನ ಚಕ್ಕೆಯೇ ಕಾರಣ. ಹಿಂದಿನ ಆಯಿಲ್ ಸೀಲ್, ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್ ಮೂರನ್ನೂ ಇದೇ ಸಲ ಬದಲಿಸಿ. ಸೀಲಿನಿಂದ ಒಂದು ಹನಿ ಆಯಿಲ್ ಮುಖಕ್ಕೆ ಬಂದರೆ ಹೊಸ ಕ್ಲಚ್ ಜಾರುತ್ತದೆ.

ಮೊದಲ 500 ಕಿಲೋಮೀಟರ್ ಸಮತಟ್ಟು ರಸ್ತೆಯಲ್ಲಿ, ಆದಷ್ಟು ಗೇರ್ ಬದಲಿಸುತ್ತಾ ಓಡಿಸಿ. ಪ್ಲೇಟು ಮುಖಕ್ಕೆ ಕೂರಬೇಕು. ಭಾರ, ಘಾಟಿ, ಹಳ್ಳ ಎಲ್ಲ ಆಮೇಲೆ. ಅಷ್ಟು ಓಡಿದ ಮೇಲೆ ಬೆಲ್ ಹೌಸಿಂಗ್ ಕೆಳಗೆ ಆಯಿಲ್ ಹನಿ ಇದೆಯೇ, ಕ್ಲಚ್ ಪೆಡಲಿನ ಆಟ ಬದಲಾಗಿದೆಯೇ ಅಂತ ಒಮ್ಮೆ ನೋಡಿಸಿ.